ಪಿಯುಸಿ ಸೈನ್ಸಿಗೆ ಮೂರು ಸಬ್ಜೆಕ್ಟ್ ಸಾಕಾ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ನಾಲ್ಕೂ ಹೊರಬೇಕಾ? ಮಗಳ ಅಡ್ಮಿಶನ್, ಸ್ವಲ್ಪ ಅರ್ಜೆಂಟ್

ಕಾರಟಗಿ_ಭತ್ತ:
ಎಲ್ಲಾರಿಗೂ ನಮಸ್ಕಾರ್ರಿ. ಮಗಳು ಎಸ್ಸೆಸ್ಸೆಲ್ಸಿ ಮುಗಿಸ್ಯಾಳ, 625ಕ್ಕ 571, ಸರಕಾರಿ ಹೈಸ್ಕೂಲು, ಒಂದರಿಂದ ಹತ್ತರ ತನಕ ಪೂರಾ ಕನ್ನಡ ಮೀಡಿಯಂ. ಡಾಕ್ಟರ್ ಆಗ್ತೀನಿ ಅಂತಾಳ, ಏಳನೇತ್ತಿಯಿಂದ ಅದನ್ನ ಹಿಡಕೊಂಡು ಕುಂತಾಳ. ಗಣಿತದಾಗ 94 ಬಂದಾವ ಆದ್ರ ಕೇಳಿದ್ರ "ಬಾಯಿಪಾಠ ಮಾಡಿ ತೊಗೊಂಡೀನಪ್ಪ, ತಿಳದು ತೊಗೊಂಡಿಲ್ಲ, ಪಿಯುಸಿಗೆ ಗಣಿತ ಬ್ಯಾಡ" ಅಂತಾಳ.

ಈಗ ನನ್ನ ಪ್ರಶ್ನೆ ಏನಂದ್ರ ನಮ್ಮ ಅಕ್ಕನ ಮಗ ಶಾರ್ಜಾದಾಗ ಬ್ರಿಟಿಷ್ ಸಿಲೆಬಸ್ ಸ್ಕೂಲಿನಾಗ ಓದ್ತಾನ, ಎ ಲೆವೆಲ್ ಅಂತ, ನಮ್ಮ ಪಿಯುಸಿ ಇದ್ದಂಗ, ಅಂವ ಬರೇ ಮೂರು ಸಬ್ಜೆಕ್ಟ್ ತೊಗೊಂಡಾನ. ಗಣಿತ, ಫಿಸಿಕ್ಸ್, ಎಕನಾಮಿಕ್ಸ್. ಮೊನ್ನೆ ಫೋನಿನಾಗ "ಮಾಮಾ, ಇಂಗ್ಲೆಂಡಿನ ಯೂನಿವರ್ಸಿಟಿ ಮೂರೇ ಕೇಳ್ತಾವ, ನಾಲ್ಕು ತೊಗೊಂಡ್ರ ಹುಚ್ಚರು" ಅಂದ. ಅಲ್ಲಿ ಮೂರು ಸಾಕಾದ್ರ ನಮ್ಮ ಹುಡ್ರ ತಲಿ ಮ್ಯಾಲ ಆರು ಯಾಕ್ ಹೇರ್ತಾರ ಅಂತ ನಮ್ಮನ್ಯಾಗ ದಿನಾ ಜಗಳ.

ಒಂದು ಕಾಲೇಜಿಗೆ ಹೋಗಿದ್ವಿ, ಹೆಸರು ಬ್ಯಾಡ. ಕೌಂಟರಿನಾಗ ಕುಂತಾಂವ ಮಗಳ ಮಾರಿ ಸುದ್ದಾ ನೋಡ್ಲಿಲ್ಲ, ಮಾರ್ಕ್ಸ್ ಕಾರ್ಡ್ ನೋಡಿದ, ಪಿಸಿಎಂಬಿ ಬರಕೊಂಡುಬಿಟ್ಟ. ಡಾಕ್ಟರ್ ಸೀಟಿನ ನೀಟು, ರಾಜ್ಯದ ಎಂಜಿನಿಯರಿಂಗ್, ಕೃಷಿ ಸೀಟಿನ ಸಿಇಟಿ, ಐಐಟಿ ಕಡೆ ಹೋಗೋರ ಜೆಇಇ, ಮೂರೂ ಪರೀಕ್ಷಾದ ಕೋಚಿಂಗ್ ಒಂದ ಪ್ಯಾಕೇಜಂತ. ಗೊಬ್ಬರದಂಗಡ್ಯಾಗ ಯೂರಿಯಾ ಕೇಳಿದ್ರ ಜೋಡಿ ಇನ್ನೊಂದು ಡಬ್ಬಿ ಲಿಂಕ್ ಹಚ್ಚಿ ಕೊಡ್ತಾರಲ್ಲ, ಥೇಟ್ ಹಂಗ. ಬರೇ ನೀಟ್ ಕೋಚಿಂಗ್ ಸಾಕ್ರಿ ಅಂದ್ರ ಹಂಗ ಬರಂಗಿಲ್ಲ ಅಂದ. ನಾಕೆಕರೆ ಭತ್ತದ ಮ್ಯಾಲ ನಡಿಯೋ ಮನಿ ನಮ್ಮದು, ಬ್ಯಾಡಾದ ಸಬ್ಜೆಕ್ಟಿಗೂ ರೊಕ್ಕ ಕಟ್ಟಬೇಕಾ? ಗೊತ್ತಿದ್ದೋರು ಹೇಳ್ರಿ, ಸೋಮವಾರ ಫೀಸ್ ಕಟ್ಟಬೇಕು.

ಲಿಂಗಸುಗೂರು_ಲೆಕ್ಚರರ್:
ನಮಸ್ಕಾರ್ರಿ. ನಾನು ಪಿಯು ಕಾಲೇಜಿನಾಗ ಫಿಸಿಕ್ಸ್ ಹೇಳ್ತೀನಿ, ವರ್ಷಾ ಜೂನಿಗೆ ಇದೇ ಪ್ರಶ್ನೆ ಹಿಡ್ಕೊಂಡು ಹತ್ತು ಮಂದಿ ತಂದಿ ತಾಯಿ ಬರ್ತಾರ.

ಮೊದಲು ಒಂದು ಮಾತು ತಿಳ್ಕೊಳ್ರಿ, ನಮ್ಮ ಸ್ಟೇಟ್ ಪಿಯುಸಿದಾಗ ಎಷ್ಟು ಸಬ್ಜೆಕ್ಟ್ ಅನ್ನೋದು ನಿಮ್ಮ ಕೈಯಾಗಿಲ್ಲ. ಎರಡು ಭಾಷಾ, ನಾಲ್ಕು ಐಚ್ಛಿಕ, ಒಟ್ಟು ಆರು, 600 ಮಾರ್ಕ್ಸು. ಪಿಸಿಎಂಬಿ ತೊಗೊಂಡ್ರೂ ನಾಲ್ಕೇ, ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸೋ ಎಲೆಕ್ಟ್ರಾನಿಕ್ಸೋ ಸ್ಟಾಟಿಸ್ಟಿಕ್ಸೋ ಇಟ್ಕೊಂಡ್ರೂ ನಾಲ್ಕೇ. ಹಂಗಾಗಿ "ಮೂರು ಸಾಕಾ" ಅನ್ನೋ ಪ್ರಶ್ನಿನೇ ಬರಂಗಿಲ್ಲ, ನಾಲ್ಕನೇದು ಯಾವುದು ಅಂತ ಕೇಳಬೇಕು. ಗಣಿತ ಇಲ್ಲದ ಸೈನ್ಸ್ ಕಾಂಬಿನೇಷನ್ ನಮ್ಮ ಕಡೆ ಕಾಲೇಜಿನಾಗ ಸಿಗೋದು ಬಾಳ ಅಪರೂಪ, ಅದನ್ನ ಹುಡುಕ್ಕೊಂತ ಹುಡುಗಿನ್ನ ದೂರದ ಊರಿಗೆ ಕಳಸೋಕಿಂತ ಗಣಿತ ಇಟ್ಕೊಂಡು ಪಾಸ್ ಮಾಡೋದು ಸುಲಭ ಅದ.

ಇನ್ನು ಲೆಕ್ಕ. ನೀಟಿಗೆ 720 ಮಾರ್ಕ್ಸು, ಅದರಾಗ ಅರ್ಧ, 360, ಬರೇ ಬಯಾಲಜಿ. ಫಿಸಿಕ್ಸ್ 180, ಕೆಮಿಸ್ಟ್ರಿ 180. ಗಣಿತದ ಒಂದೂ ಪ್ರಶ್ನಿ ಇರಂಗಿಲ್ಲ. ಪಿಯುಸಿ ಮಾರ್ಕ್ಸ್ ನೀಟ್ ರ್‍ಯಾಂಕಿಗೆ ಸೇರಂಗಿಲ್ಲ, ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಮೂರರಾಗ ಜನರಲ್‌ನವರಿಗೆ 50 ಪರ್ಸೆಂಟ್, ರಿಸರ್ವೇಷನ್ ಇದ್ದವರಿಗೆ 40 ಬಂದ್ರ ಅರ್ಹತಾ ಆತು. ಅಂದ್ರ ಪಿಯುಸಿ ಗಣಿತದಾಗ 45 ಬಂದ್ರೂ ಆಕಿ ಡಾಕ್ಟರ್ ಆಗೋದಕ್ಕ ಅಡ್ಡಿ ಇಲ್ಲ. ಎಂಜಿನಿಯರಿಂಗ್ ಹಂಗಲ್ಲ, ಅಲ್ಲಿ ಸಿಇಟಿ ಅರ್ಧ, ಪಿಯುಸಿಯ ಫಿಸಿಕ್ಸ್ ಕೆಮಿಸ್ಟ್ರಿ ಗಣಿತ ಅರ್ಧ ಕೂಡಿಸಿ ರ್‍ಯಾಂಕ್ ಕೊಡ್ತಾರ, ಗಣಿತ ಬಿದ್ರ ಎರಡೂ ಕಡೆ ಹೊಡ್ತ.

ಆದ್ರ ಗಣಿತ ಪೂರಾ ಬಿಟ್ಟುಬಿಡ್ತೀನಿ ಅಂದ್ರ ನನ್ನ ಕ್ಲಾಸಿನಾಗ ಕುಂತು ಅಳಬೇಕಾಗ್ತದ. ಫಸ್ಟ್ ಪಿಯುಸಿ ಫಿಸಿಕ್ಸ್ ಶುರು ಆಗಿ ತಿಂಗಳು ಆಗೋದ್ರಾಗ ವೆಕ್ಟರ್ ಬರ್ತದ, ಡಿಫರೆನ್ಸಿಯೇಷನ್ ಬರ್ತದ. ಬೋರ್ಡಿನ ಮ್ಯಾಲ ಡಿಎಸ್ ಬೈ ಡಿಟಿ ಬರದ ಕೂಡ್ಲೆ ಹಿಂದಿನ ಬೆಂಚು "ಸರ ಡಿ ಮ್ಯಾಲ ಕೆಳಗ ಹೊಡದು ಹಾಕಬಹುದಲ್ರಿ" ಅಂತದ. ನಗೂ ಬರ್ತದ, ಪಾಪ ಅನ್ನಿಸ್ತದ. ನೀಟಿನಾಗ ನಮ್ಮ ಹುಡುಗ್ರು ಮುಗ್ಗರಸೋದು ಬಯಾಲಜಿ ಒಳಗಲ್ಲ, ಫಿಸಿಕ್ಸಿನಾಗ, ಫಿಸಿಕ್ಸಿನಾಗ ಮುಗ್ಗರಸೋದು ಗಣಿತಕ್ಕ. ಹಂಗಾಗಿ ಬೇಸಿಕ್ ಬೇಕು, ಇಡೀ ಸಿಲೆಬಸ್ ಅರದು ಕುಡಿಯೋದು ಬ್ಯಾಡ.

ಕನ್ನಡ ಮೀಡಿಯಂ ಹುಡುಗಿ ಅಂದ್ರಿ, ಸಬ್ಜೆಕ್ಟ್ ಎಷ್ಟು ಅನ್ನೋದಕಿಂತ ಇದು ದೊಡ್ಡ ಮಾತು. "ವೇಗೋತ್ಕರ್ಷ" ಅಂದ್ರ ಪಟಪಟ ಹೇಳ್ತಾವ, "ಆಕ್ಸಿಲರೇಷನ್" ಅಂದ ಕೂಡ್ಲೆ ಗಾಬರಿ ಬೀಳ್ತಾವ, ಎರಡೂ ಒಂದೇ ಅಂತ ಗೊತ್ತಾಗೋದ್ರಾಗ ದಸರಾ ರಜಾ ಬಂದಿರ್ತದ. ಈಗಿನಿಂದಲೇ ಒಂದು ನೋಟ್‌ಬುಕ್ಕಿನಾಗ ಎಡಕ್ಕ ಕನ್ನಡ ಬಲಕ್ಕ ಇಂಗ್ಲಿಷು ಬರಸ್ರಿ, ದಿನಾ ಹತ್ತು ಶಬ್ದ. ನೀಟ್ ಪೇಪರು ಕನ್ನಡದಾಗೂ ಸಿಗ್ತದ, ಆದ್ರ ಓದೋ ಪುಸ್ತಕ, ಕೋಚಿಂಗ್ ಎಲ್ಲಾ ಇಂಗ್ಲಿಷೇ.

ಬಳ್ಳಾರಿ_ಬಿಸ್ಲು:
ಅಣ್ಣ ನಾನು ಆ ಮೂರೂ ಇರೋ ಪ್ಯಾಕೇಜ್ ತಗೊಂಡು ಸುಟ್ಕೊಂಡೋನು, ಹೇಳ್ತೀನಿ ಕೇಳಿ. ಪಿಸಿಎಂಬಿ, ಹಾಸ್ಟೆಲ್ಲು, ಬೆಳಿಗ್ಗೆ ಐದೂವರೆಗೆ ಎಬ್ಬಿಸ್ತಿದ್ರು ರಾತ್ರಿ ಹತ್ತಕ್ಕೆ ಬಿಡ್ತಿದ್ರು, ಒಂದು ಭಾನುವಾರ ನೀಟ್ ಟೆಸ್ಟು ಇನ್ನೊಂದು ಭಾನುವಾರ ಜೆಇಇ ಟೆಸ್ಟು. ನನ್ನತ್ರ ಒಂದೇ ದಪ್ಪ ರಫ್ ಬುಕ್ ಇತ್ತು, ಮುಂದಿನಿಂದ ಗಣಿತ ಹಿಂದಿನಿಂದ ಬಯಾಲಜಿ. ಎರಡೂ ನಡುವೆ ಬಂದು ಸೇರ್ತಾವೆ ಅಂತ ಅಂದ್ಕೊಂಡಿದ್ದೆ. ಸೆಕೆಂಡ್ ಇಯರ್ ಡಿಸೆಂಬರಲ್ಲಿ ನೋಡಿದ್ರೆ ಗಣಿತದ ಕಡೆ ಇಪ್ಪತ್ತು ಪುಟ, ಬಯಾಲಜಿ ಕಡೆ ಮೂವತ್ತು ಪುಟ, ನಡುವೆ ಎಲ್ಲಾ ಖಾಲಿ 😅 ಎರಡೂ ಓದ್ತಾ ಇದೀನಿ ಅನ್ನೋ ಭ್ರಮೆಲಿ ಯಾವ್ದೂ ಓದಿರ್ಲಿಲ್ಲ.

ಸಿಇಟಿಲಿ ಗಣಿತ ಬಯಾಲಜಿ ಎರಡೂ ಒಂದೇ ದಿನ ಇಡ್ತಾರೆ, ಒಂದು ಬೆಳಿಗ್ಗೆ ಒಂದು ಮಧ್ಯಾಹ್ನ, 60 ಪ್ರಶ್ನೆ 80 ನಿಮಿಷ. ಬಳ್ಳಾರಿ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ಲ, ಬೆಳಿಗ್ಗೆ ಪೇಪರ್ ಮುಗಿಸಿ ಹೊರಗೆ ಬೇವಿನ ಮರದ ಕೆಳಗೆ ಅಮ್ಮ ಕಟ್ಟಿಕೊಟ್ಟ ಮೊಸರನ್ನ ತಿಂತಾ ಬಯಾಲಜಿ ನೋಟ್ಸ್ ತಿರುವಿ ಹಾಕ್ತಿದ್ದೆ, ತಲೆಗೆ ಒಂದಕ್ಷರ ಹೋಗ್ಲಿಲ್ಲ. ನೀಟಲ್ಲಿ 318 ಬಂತು, ಎಂಜಿನಿಯರಿಂಗ್ ರ್‍ಯಾಂಕ್ ಹೇಳೋ ಹಂಗಿಲ್ಲ. ಈಗ ಬಿ.ಫಾರ್ಮ ಓದ್ತಾ ಇದೀನಿ, ಅದಕ್ಕೆ ಗಣಿತ ಇದ್ರೂ ಆಗುತ್ತೆ ಬಯಾಲಜಿ ಇದ್ರೂ ಆಗುತ್ತೆ, ನಾನು ಎರಡೂ ಹೊತ್ಕೊಂಡು ಹೋಗಿದ್ದೆ.

ನನ್ನ ರೂಮ್‌ಮೇಟ್ ಜಾಣ. ಅವನೂ ಪಿಸಿಎಂಬಿನೇ, ಆದ್ರೆ ಫಸ್ಟ್ ಇಯರಲ್ಲೇ ವಾರ್ಡನ್ ಹತ್ರ ಜಗಳ ಆಡಿ ಜೆಇಇ ಟೆಸ್ಟಿಗೆ ಕೂರಲ್ಲ ಅಂದುಬಿಟ್ಟ. ಗಣಿತ ಬರೀ ಬೋರ್ಡ್ ಎಕ್ಸಾಮಿಗೆ, ಹಳೇ ಪ್ರಶ್ನೆಪತ್ರಿಕೆ ಬಿಡಿಸಿ 70 ಚಿಲ್ರೆ ತಗೊಂಡ. 80ಕ್ಕೆ ಪೇಪರು, 20 ಇಂಟರ್ನಲ್ಲು, ಪಾಸ್ ಆಗೋದು ಅಷ್ಟೇನು ಕಷ್ಟ ಇಲ್ಲ. ಅವನು ಈಗ ಕೊಪ್ಪಳ ಮೆಡಿಕಲ್ ಕಾಲೇಜಲ್ಲಿ ಎಂಬಿಬಿಎಸ್. ನಿಮ್ಮ ಮಗಳಿಗೂ ಅದೇ ಹೇಳಿ, ಹೆಸರಿಗೆ ನಾಲ್ಕು, ಜೀವಕ್ಕೆ ಮೂರು.

ತೋರಣಗಲ್_ಟು_ಬೆಂಗ್ಳೂರು:
ನಾನು ಸ್ವಲ್ಪ ಉಲ್ಟಾ ಹೇಳ್ತೀನಿ. 16 ವರ್ಷದ ಮಗು ಏಳನೇ ಕ್ಲಾಸಿಂದ ಡಾಕ್ಟರ್ ಅಂತಿದೆ ಅಂದ್ರೆ ಅದು ಯಾರೋ ಸಂಬಂಧಿಕರು ತಲೆಗೆ ತುಂಬಿದ್ದೂ ಇರಬಹುದು. ನಮ್ಮ ಬ್ಯಾಚಲ್ಲಿ ಡಾಕ್ಟರ್ ಅಂದವ್ರೆಲ್ಲಾ ಇವತ್ತು ಕೋಡ್ ಬರೀತಿದಾರೆ. ಒಂದ್ವೇಳೆ ಮನಸ್ಸು ಎಂಜಿನಿಯರಿಂಗ್ ಕಡೆ ಹೋದ್ರೆ ಆವಾಗ ಬಯಾಲಜಿ ಯಾಕೆ, ಬಯಾಲಜಿ ಬದ್ಲು ಕಂಪ್ಯೂಟರ್ ಇರೋ ಪಿಸಿಎಂಸಿ ಹಗುರ, ಕಂಪ್ಯೂಟರಲ್ಲಿ ಪ್ರಾಕ್ಟಿಕಲ್ 30 ಕೈಗೆ ಬರುತ್ತೆ. ಮತ್ತೆ ತುಂಬ ಜನಕ್ಕೆ ಗೊತ್ತಿಲ್ಲ, ಕಂಪ್ಯೂಟರ್ ಎಂಜಿನಿಯರಿಂಗ್ ಸೇರೋಕೆ ಪಿಯುಸಿಲಿ ಕಂಪ್ಯೂಟರ್ ಸೈನ್ಸ್ ಓದಿರ್ಬೇಕು ಅಂತೇನಿಲ್ಲ, ನಾಲ್ಕನೇ ಸಬ್ಜೆಕ್ಟಿನ ಮಾರ್ಕ್ಸ್ ರ್‍ಯಾಂಕಿಗೆ ಎಣಿಸೋದೇ ಇಲ್ಲ. ನಾನು ಬಯಾಲಜಿ ಓದಿ ಕಂಪ್ಯೂಟರ್ ಸೇರ್ದೆ. ಕಪ್ಪೆ ಕೊಯ್ದಿದ್ದು ಕೆಲಸಕ್ಕೆ ಬಂದಿಲ್ಲ ಬಿಡಿ.

ಬಳ್ಳಾರಿ_ಬಿಸ್ಲು:
ಗುರುವೇ ಅವರು ಕೇಳಿದ್ದು ಡಾಕ್ಟರ್ ಬಗ್ಗೆ, ನೀನು ಕೋಡಿಂಗ್ ಕ್ಲಾಸ್ ಶುರು ಮಾಡ್ದೆ.

ತೋರಣಗಲ್_ಟು_ಬೆಂಗ್ಳೂರು:
ಆಯ್ತಪ್ಪ, ಮಗು ಮನಸ್ಸು ಒಂದ್ಸಲ ಕೇಳಿ ಅಂದೆ ಅಷ್ಟೇ.

ರಾಯಚೂರು_ಶಾರದಕ್ಕ:
ಅಣ್ಣಾರ, ನಾನು ರಾಯಚೂರಾಕಿ, ಈಗ ದುಬೈದಾಗ ಇದ್ದೀನಿ, ನನ್ನ ಮಗನೂ ಎ ಲೆವೆಲ್ ಮುಗಿಸ್ದ. ನಿಮ್ಮ ಅಳಿಯ ಹೇಳಿದ್ದು ಖರೇ ಆದ್ರ ಅರ್ಧ ಖರೇ. ಇಂಗ್ಲೆಂಡಿನ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಮೂರು ಎ ಲೆವೆಲ್ ನೋಡೇ ಆಫರ್ ಕೊಡ್ತಾವ, ನಾಲ್ಕು ತೊಗೊಂಡವರಿಗೆ ಹೆಚ್ಚಿನ ಮಣಿ ಹಾಕಂಗಿಲ್ಲ. ನಾಲ್ಕನೇದು ತೊಗೊಳ್ಳೋರು ಹೆಚ್ಚಾಗಿ ಗಣಿತದ ಹುಡುಗ್ರು, ಮ್ಯಾಥ್ಸ್ ಜೋಡಿ ಫರ್ದರ್ ಮ್ಯಾಥ್ಸ್ ಅಂತ ಇನ್ನೊಂದು ಇರ್ತದ, ದೊಡ್ಡ ಯೂನಿವರ್ಸಿಟಿ ಗಣಿತಕ್ಕೋ ಎಂಜಿನಿಯರಿಂಗಿಗೋ ಹೋಗೋರಿಗೆ ಅದು ಉಪಯೋಗ. ಮೂರರಾಗ ಮೂರೂ ಎ ಬರೋದು ನಾಲ್ಕರಾಗ ಎರಡು ಬಿ ಬರೋದಕಿಂತ ಚಲೋ, ಅಷ್ಟೇ ಅಲ್ಲಿನ ಲೆಕ್ಕ.

ಆದ್ರ ಮೂರು ಅಂದ್ರ ಹಗುರ ಅಂತ ತಿಳೀಬ್ಯಾಡ್ರಿ. ನನ್ನ ಮಗನ ಕೆಮಿಸ್ಟ್ರಿ ಒಂದೇ ಸಬ್ಜೆಕ್ಟಿನ ಫೈಲು ನಮ್ಮವ್ವನ ಹೋಳಿಗಿ ಡಬ್ಬಿಗಿಂತ ಎತ್ತರ ಇತ್ತು. ಮತ್ತ ಅವರು 16ನೇ ವರ್ಷಕ್ಕ ಜಿಸಿಎಸ್‌ಇ ಅಂತ ಎಂಟೊಂಬತ್ತು ಸಬ್ಜೆಕ್ಟ್ ಓದಿ ಮುಗಿಸಿರ್ತಾರ, ಆಮ್ಯಾಲೇ ಮೂರಕ್ಕ ಇಳೀತಾರ. ಇಳದ ಮ್ಯಾಲ ಬಾಗಿಲೂ ಮುಚ್ಚತಾವ, ಇದನ್ನ ಯಾರೂ ಹೇಳಂಗಿಲ್ಲ. ನಿಮ್ಮ ಅಳಿಯ ಗಣಿತ ಫಿಸಿಕ್ಸ್ ಎಕನಾಮಿಕ್ಸ್ ತೊಗೊಂಡಾನ, ಕೆಮಿಸ್ಟ್ರಿ ಇಲ್ಲ ಬಯಾಲಜಿ ಇಲ್ಲ, ಅಂದ್ರ ಅಂವಗ ಅಲ್ಲಿ ಮೆಡಿಸಿನ್ ಹತ್ರ ಹತ್ರ ಮುಗದಂಗೇ, ಅಲ್ಲಿ ಮೆಡಿಸಿನ್ನಿಗೆ ಕೆಮಿಸ್ಟ್ರಿ ಕೇಳ್ತಾರ, ಬಾಳ ಕಡೆ ಬಯಾಲಜಿನೂ ಕೇಳ್ತಾರ. ಅರ್ಜಿನೂ ಯುಕಾಸ್ ಅಂತ ಒಂದೇ ಕಡೆ, ಐದು ಆಯ್ಕೆ ಮಾತ್ರ, ಅದರಾಗ ಮೆಡಿಸಿನ್ನಿಗೆ ನಾಲ್ಕೇ. ನಮ್ಮ ಕಡೆ ಸೀಟು ಹಂಚೋ ಕೆಇಎ (ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿದಾಗ ಕಾಲೇಜಿನ ಹೆಸರು ಉದ್ದಕ್ಕ ಹಾಕ್ಕೊಂತ ಹೋದಂಗ ಅಲ್ಲಿ ಆಗಂಗಿಲ್ಲ.

ನಮ್ಮ ಮನಿ ಕತಿ ಹೇಳ್ತೀನಿ. ಮಗಗ ಮೊದಲು ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಅಂತ ಬರಸಿದ್ವಿ, ಮೂರು ಸಾಕಂತ. ವರ್ಷದ ನಡುವ ಅಂವ "ಅಮ್ಮಾ ನಾನು ಊರಿಗೆ ಹೋಗಿ ಎಂಬಿಬಿಎಸ್ ಓದ್ತೀನಿ" ಅಂದ. ನೀಟಿಗೆ ಬಯಾಲಜಿ ಬೇಕು, ಇಂಗ್ಲಿಷ್ ಬೇಕು, ಹೊರಗಿನ ಬೋರ್ಡ್ ಅಂದ್ರ ದಿಲ್ಲಿಯ ಎಐಯು (ಭಾರತದ ಯೂನಿವರ್ಸಿಟಿಗಳ ಸಂಘ) ಕಡೆಯಿಂದ ನಮ್ಮ ಹನ್ನೆರಡನೇತ್ತಿಗೆ ಸಮ ಅನ್ನೋ ಈಕ್ವಿವಲೆನ್ಸ್ ಸರ್ಟಿಫಿಕೇಟ್ ಬೇಕು. ಬಯಾಲಜಿ ಹೊಸದಾಗಿ ಶುರು ಮಾಡಿಸಿ ಒಂದು ವರ್ಷ ಹೋತು. ಹಂಗಾಗಿ ಅಣ್ಣಾರ, ಅಲ್ಲಿ ಮೂರು ಅದಾವ ಇಲ್ಲಿ ಆರು ಅದಾವ ಅಂತ ಮನ್ಯಾಗ ಜಗಳ ಮಾಡಬ್ಯಾಡ್ರಿ, ಅದರ ಹಾದಿ ಬ್ಯಾರೆ ಇದರ ಹಾದಿ ಬ್ಯಾರೆ.

ಸಿಂಧನೂರು_ಕೃಷಿ:
ಎಲ್ಲಾರೂ ನೀಟು ನೀಟು ಅಂತೀರಿ, ರೈತರ ಮಗಳು ಅಂತ ಬರದಾರ, ಕೃಷಿ ಬಗ್ಗೆ ಒಬ್ಬರೂ ಮಾತಾಡ್ಲಿಲ್ಲಲ್ರಪ್ಪ. ನಾನು ರಾಯಚೂರು ಕೃಷಿ ವಿವಿದಾಗ ಬಿಎಸ್ಸಿ ಅಗ್ರಿ ಮಾಡೀನಿ. ಅದಕ್ಕ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ನಾಲ್ಕೂ ಬೇಕು, ಸಿಇಟಿನೂ ನಾಲ್ಕೂ ಬರೀಬೇಕು, ಪಿಯುಸಿ ಮಾರ್ಕ್ಸೂ ಸೇರ್ತದ. ಗಣಿತಕ್ಕ ಬರೇ ಪಾಸ್ ಸಾಕು ಅನ್ನೋ ಮಾತು ಇಲ್ಲಿ ನಡಿಯಂಗಿಲ್ಲ. ಮುನಿರಾಬಾದಿನ ತೋಟಗಾರಿಕೆ ಕಾಲೇಜಂತೂ ನಿಮ್ಮ ಕೊಪ್ಪಳ ಜಿಲ್ಲಾದಾಗೇ ಐತಿ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಐತಿ, ಪ್ರಾಕ್ಟಿಕಲ್ ಟೆಸ್ಟ್ ಇಡ್ತಾರ, ಬೀಜ ಮುಂದಿಟ್ಟು ಯಾವುದು ಗುರುತಿಸು ಅಂತಾರ. ನನ್ನ ಬಾಜೂಕ ನಿಂತಿದ್ದ ಸಿಟಿ ಹುಡುಗ ಸಜ್ಜಿಗೂ ನವಣಿಗೂ ವ್ಯತ್ಯಾಸ ತಿಳೀದೆ ಬೆವತು ಹೋದ, ನಮಗ ಅದು ಮನಿ ಪಡಸಾಲ್ಯಾಗ ಬಿದ್ದಿರೋ ಕಾಳು. ನಾಲ್ಕರಾಗ ಒಂದು ಬಿಟ್ರ ಈ ಬಾಗಿಲು ಬಂದ್.

ಇನ್ನೊಂದು, ಸಬ್ಜೆಕ್ಟ್ ಚಿಂತಿ ಮಾಡೋ ಟೈಮಿನಾಗ ಕಾಗದಪತ್ರ ಮರೀಬ್ಯಾಡ್ರಿ. ಕಲ್ಯಾಣ ಕರ್ನಾಟಕದವರಿಗೆ ಸೀಟು ಮೀಸಲು ಇಡೋ 371ಜೆ ಅರ್ಹತಾ ಪತ್ರ ಈಗಿಂದಾನೇ ಮಾಡಸ್ರಿ, ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಗೆ ಸಿಇಟಿ ಟೈಮಿನಾಗ ಹೋದ್ರ ಸಾಲು ಹೊರಗ ರಸ್ತೆ ತನಕ ಇರ್ತದ. 2013ರಿಂದ ನಮ್ಮ ಭಾಗಕ್ಕ ಅದು ಸಿಕ್ಕೈತಿ, ಇಲ್ಲಿನ ಕಾಲೇಜಿನಾಗ 70 ಪರ್ಸೆಂಟು ಸೀಟು ನಮಗ, ಬ್ಯಾರೆ ಭಾಗದ ಕಾಲೇಜಿನಾಗ 8 ಪರ್ಸೆಂಟು. ಬಳ್ಳಾರಿ, ರಾಯಚೂರು ರಿಮ್ಸ್, ಕೊಪ್ಪಳ ಮೂರೂ ಸರಕಾರಿ ಮೆಡಿಕಲ್ ಕಾಲೇಜು ಇದರಾಗ ಬರ್ತಾವ. ಏಮ್ಸ್ ಬೇಕಂತ ರಾಯಚೂರಾಗ 2022ರಿಂದ ಧರಣಿ ಕುಂತಾರ, ಅದು ಬಂದಾಗ ಬರಲಿ, ಇದ್ದದ್ದನ್ನ ಮೊದಲು ಹಿಡೀರಿ. ಹತ್ತು ವರ್ಷ ಹಳ್ಳಿ ಸಾಲಿ ಆಗಿದ್ರ ಗ್ರಾಮೀಣ ಕೋಟಾ 15, ಕನ್ನಡ ಮೀಡಿಯಂಗೆ 5, ಅದಕ್ಕ ಒಂದರಿಂದ ಹತ್ತರ ತನಕ ಓದಿದ್ದಕ್ಕ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ ಸಹಿ ಹಾಕ್ಸಬೇಕು. ನನ್ನ ಹಳೇ ಸಾಲಿಯ ಹೆಡ್‌ಮಾಸ್ಟರು ರಿಟೈರ್ ಆಗಿದ್ರು, ರಿಜಿಸ್ಟರ್ ಯಾವ ಕಪಾಟಿನಾಗ ಐತಿ ಅಂತ ಹೊಸಬರಿಗೆ ಗೊತ್ತಿರ್ಲಿಲ್ಲ, ಮೂರು ದಿನ ಅಡ್ಡಾಡೀನಿ.

ಲಿಂಗಸುಗೂರು_ಲೆಕ್ಚರರ್:
ಕೃಷಿಯವರು ಹೇಳಿದ್ದು ಬರೋಬ್ಬರಿ ಅದ, ನಾನು ಬರಿಯೋದು ಮರ್ತೆ. ಒಂದು ಸೇರಸ್ತೀನಿ. ಪಿಸಿಎಂ ಓದಿ ಆಮ್ಯಾಲ ಡಾಕ್ಟರ್ ಆಗಬೇಕು ಅನ್ನಿಸಿದ್ರ ಮೊದಲು ಬಾಳ ಕಷ್ಟ ಇತ್ತು, 2023ರ ನವೆಂಬರಿನಾಗ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮ ಸಡಲ ಮಾಡಿ, ಹನ್ನೆರಡನೇತ್ತಿ ಆದಮ್ಯಾಲ ಬಯಾಲಜಿ ಒಂದನ್ನೇ ಹೆಚ್ಚುವರಿ ಸಬ್ಜೆಕ್ಟ್ ಅಂತ ಮಾನ್ಯತೆ ಇರೋ ಬೋರ್ಡಿನಾಗ ಬರದು ಪಾಸಾದ್ರ ನೀಟ್ ಬರೀಬಹುದು ಅಂದಾರ. ಹಂಗಂತ ಅದನ್ನ ನಂಬಿ ಈಗ ಬಯಾಲಜಿ ಬಿಡೋದು ತಪ್ಪು, ಡಾಕ್ಟರ್ ಆಗಬೇಕಂತಿರೋ ಹುಡುಗಿಗಂತೂ ಬ್ಯಾಡೇ ಬ್ಯಾಡ. ಮತ್ತ ಗಣಿತಕ್ಕ ಹೆದರೋ ಹುಡುಗಿಗೆ ಹೇಳ್ರಿ, ಸೆಕೆಂಡ್ ಪಿಯುಸಿಗೆ ಈಗ ವರ್ಷಕ್ಕ ಒಂದಕಿಂತ ಹೆಚ್ಚು ಪರೀಕ್ಷಾ ಇಡ್ತಾರ, ಒಂದರಾಗ ಬಿದ್ರ ಮತ್ತ ಬರೀಬಹುದು.

ಪ್ಯಾಕೇಜಿನ ಮಾತು. ಬರೇ ನೀಟ್ ಬ್ಯಾಚ್ ಇಲ್ಲ ಅಂದ್ರ ಬ್ಯಾರೆ ಕಾಲೇಜು ನೋಡ್ರಿ, ಅಥವಾ ಸರಕಾರಿ ಪಿಯು ಕಾಲೇಜಿಗೆ ಹಚ್ಚಿ ಕೋಚಿಂಗ್ ಹೊರಗ ಮಾಡಸ್ರಿ. ನಾನೂ ಸರಕಾರಿ ಕಾಲೇಜಿನವನೇ, ನಮ್ಮಲ್ಲಿ ಲ್ಯಾಬ್ ಅದ, ಲೆಕ್ಚರರ್ ಅದಾರ, ಹುಡುಗ್ರೇ ಬರವಲ್ಲರು. ಫೀಸ್ ಕಟ್ಟೋ ಮೊದಲು ಮಗಳನ್ನ ಕರಕೊಂಡು ಹೋಗಿ ಅಲ್ಲಿ ಸೆಕೆಂಡ್ ಇಯರ್ ಓದೋ ಹುಡುಗಿಯರ ಜೋಡಿ ಅರ್ಧ ತಾಸು ಬಿಡ್ರಿ, ಕೌಂಟರಿನಾಂವ ಹೇಳದ್ದಕಿಂತ ಜಾಸ್ತಿ ಗೊತ್ತಾಗ್ತದ.

ಕಾರಟಗಿ_ಭತ್ತ:
ಎಲ್ಲಾರಿಗೂ ಬಾಳ ಧನ್ಯವಾದ್ರಿ. ಎಲ್ಲಾ ಮಗಳ ಮುಂದ ಓದಿ ಹೇಳಿದೆ. ಶಾರದಕ್ಕಾರ ಬರದದ್ದು ಕೇಳಿ ನಮ್ಮ ಅಕ್ಕಗ ಫೋನ್ ಹಚ್ಚಿದ್ವಿ, ಅಳಿಯಗ ಎಂಜಿನಿಯರಿಂಗೂ ಬ್ಯಾಡಂತ, ಬ್ಯಾಂಕಿನ ಕೆಲಸದ ಕಡೆ ಮನಸ್ಸಂತ, ಹಂಗಾಗಿ ಅಂವಗ ಮೂರು ಸರಿನೇ ಅದಾವ. ಮನ್ಯಾಗ ಜಗಳ ನಿಂತೈತಿ.

ಬೆಂಗಳೂರು ತಮ್ಮ ಹೇಳ್ದಂಗ ಮನಸ್ಸೂ ಕೇಳಿದೆ. ಡಾಕ್ಟರೇ ಅಂದ್ಳು. ಯಾಕವ್ವ ಅಂದ್ರ, 2024ರಾಗ ತುಂಗಭದ್ರಾ ಡ್ಯಾಂದ 19ನೇ ಗೇಟ್ ಕೊಚ್ಚಿ ಹೋತಲ್ಲ, ಆ ಶ್ರಾವಣದಾಗ ನಮ್ಮವ್ವಗ ಹಾವು ಕಡದಿತ್ತು, ಗಂಗಾವತಿ ತನಕ ಟ್ರ್ಯಾಕ್ಸಿನಾಗ ಒಯ್ಯಬೇಕಾದ್ರ ಈಕಿನೇ ತೊಡಿ ಮ್ಯಾಲ ತಲಿ ಇಟ್ಕೊಂಡು ಕುಂತಿದ್ಲು. ಮುದುಕಿ ಉಳದ್ಲು. ನಾನು ಅದನ್ನ ಮರ್ತುಬಿಟ್ಟಿದ್ದೆ, ಈಕಿ ಮರ್ತಿಲ್ಲ. ಮೊದಲೂ ಡಾಕ್ಟರ್ ಅಂತಿದ್ಲು ಆದ್ರ ಈಗ ಅಂದದ್ದು ಬ್ಯಾರೆ ಇತ್ತು.

ಸೋಮವಾರ ಆ ಕಾಲೇಜಿಗೆ ಹೋಗಂಗಿಲ್ಲ. ಗಂಗಾವತಿಯಾಗ ಸರಕಾರಿ ಪಿಯು ಕಾಲೇಜಿಗೆ ಅರ್ಜಿ ತಂದೀವಿ, ಪಿಸಿಎಂಬಿ ಅಂತ ಆಕಿ ಕೈಲೇ ಬರಸೀನಿ. ಎಡಕ್ಕ ಕನ್ನಡ ಬಲಕ್ಕ ಇಂಗ್ಲಿಷ್ ನೋಟ್‌ಬುಕ್ ನಿನ್ನೆ ರಾತ್ರಿನೇ ಶುರು ಮಾಡ್ಯಾಳ. ಲೆಕ್ಚರರ್ ಸರ, ಒಂದ ಕೇಳೋದು ಐತಿ, "ಜವ" ಅಂದ್ರ ಸ್ಪೀಡು, "ವೇಗ" ಅಂದ್ರ ವೆಲಾಸಿಟಿ ಅಂತ ಬರದಾಳ, ಎರಡೂ ಒಂದೇ ಅಲ್ಲೇನ್ರಿ? ನನಗಂತೂ ತಿಳೀಲಿಲ್ಲ.

ಲಿಂಗಸುಗೂರು_ಲೆಕ್ಚರರ್:
ಒಂದೇ ಅಲ್ರಿ, ಆಕಿ ಬರದದ್ದು ಕರೆಕ್ಟ್ ಅದ. ನಿಮ್ಮ ಮನಿಯಿಂದ ಗದ್ದಿಗೆ ಹೋಗಿ ವಾಪಸ್ ಮನಿಗೆ ಬಂದ್ರಿ ಅನ್ಕೊಳ್ರಿ, ಸರಾಸರಿ ಜವ ಎಷ್ಟೋ ಇರ್ತದ, ಸರಾಸರಿ ವೇಗ ಸೊನ್ನಿ. ಯಾಕ ಅಂತ ಆಕಿಗೇ ಕೇಳ್ರಿ, ಹೇಳ್ತಾಳ.